ನಾಣ್ಯಕ್ಕಿಲ್ಲದ ನೆನಪು, ತಾಳಕ್ಕೆ ಬೇಕು

ಗುಂಡಿ ತಿರುಗಿಸಿದರೆ ತಾನೇ ಹೊಸ ತಾಳ ಹುಟ್ಟಿಸುವ ಪೆಟ್ಟಿಗೆಗಳಿವೆಯಂತೆ, ಅದರೊಳಗೆ ಯಾರೋ ಮೊದಲೇ ತಾಳಗಳನ್ನು ತುಂಬಿಟ್ಟಿರಬೇಕಲ್ಲವೇ ಎಂದು ಓದುಗರೊಬ್ಬರು ಕೇಳಿದ್ದಾರೆ. ತುಂಬಿಡಬೇಕಾಗಿಯೇ ಇಲ್ಲ! ಲಂಡನ್ನಿನ ಟಾಮ್ ವಿಟ್‌ವೆಲ್ 2012ರಲ್ಲಿ ರೂಪಿಸಿದ ‘ಟ್ಯೂರಿಂಗ್ ಮಷೀನ್’ ಎಂಬ ಸೀಕ್ವೆನ್ಸರ್ (ಪೆಟ್ಟುಗಳನ್ನು ಹೆಜ್ಜೆಹೆಜ್ಜೆಯಾಗಿ ನುಡಿಸುವ ಯಂತ್ರ) ಆಕಸ್ಮಿಕದಿಂದಲೇ ಲಯ ಕಟ್ಟುತ್ತದೆ. ಅದರ ಸರ್ಕ್ಯೂಟ್ ನಕ್ಷೆ ಎಲ್ಲರಿಗೂ ಮುಕ್ತ. ಬೆಸುಗೆ ಹಾಕಬಲ್ಲವರು ಮನೆಯಲ್ಲೇ ಕಟ್ಟಿಕೊಳ್ಳಬಹುದು.

ಹೆಜ್ಜೆಹೆಜ್ಜೆಗೂ ನಾಣ್ಯ ಚಿಮ್ಮಿ, ಹೆಡ್ ಬಿದ್ದಾಗ ಡ್ರಮ್ ಬಾರಿಸಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಹಾಗೆ ಮಾಡಿ ನೋಡಿ. ಜೊತೆಗೆ ಚಪ್ಪಾಳೆ ತಟ್ಟಹೋದ ಕೈ ಅರ್ಧದಲ್ಲೇ ನಿಲ್ಲುತ್ತದೆ. ನಾಲ್ಕು ಹೆಜ್ಜೆ ಮೌನವಾದರೆ ಐದನೆಯದು ಪೆಟ್ಟೇ ಎಂದು ಮನಸ್ಸು ಕಾಯುತ್ತದೆ, ಆದರೆ ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಬಹಳ ದಿನದಿಂದ ಬಾರದ ನಂಬರು ಇವತ್ತು ಬಂದೇ ಬರುತ್ತದೆ ಎಂದು ಓಸಿ ಬರೆಸುವವರದ್ದೂ ಇದೇ ಭ್ರಮೆ.

ವಿಟ್‌ವೆಲ್ ಆಕಸ್ಮಿಕಕ್ಕೆ ನೆನಪನ್ನು ಜೋಡಿಸಿದರು. ಯಂತ್ರದೊಳಗೆ ಸಾಲಾಗಿ 16 ಕೋಶಗಳು, ಪ್ರತಿಯೊಂದರಲ್ಲೂ 1 ಅಥವಾ 0: ಪೆಟ್ಟು ಅಥವಾ ಮೌನ. ಗಡಿಯಾರದ ಮಿಡಿತಕ್ಕೊಮ್ಮೆ ಎಲ್ಲವೂ ಒಂದೊಂದು ಮನೆ ಮುಂದೆ ಸರಿಯುತ್ತವೆ. ಕೊನೆಯಲ್ಲಿ ಹೊರಬಿದ್ದದ್ದು ಮತ್ತೆ ಮೊದಲ ಮನೆಗೆ ಬರುತ್ತದೆ. ಬರುವಾಗ ಅದು ಇದ್ದ ಹಾಗೇ ಇರಬೇಕೋ ತಲೆಕೆಳಗಾಗಬೇಕೋ? ಅದನ್ನು ತೀರ್ಮಾನಿಸುವುದು ಟ್ರಾನ್ಸಿಸ್ಟರಿನ ಎಲೆಕ್ಟ್ರಾನಿಕ್ ಗದ್ದಲ. ಗದ್ದಲದ ಮಾತು ಎಷ್ಟು ನಡೆಯಬೇಕು ಎನ್ನುವುದಕ್ಕೆ ಒಂದು ದೊಡ್ಡ ಗುಂಡಿ.

ಗುಂಡಿ ನಡುವಿನಲ್ಲಿದ್ದರೆ ಅದೇ ನಾಣ್ಯದ ಆಟ. ಪೂರ್ತಿ ಬಲಕ್ಕೆ ತಿರುಗಿಸಿದರೆ ಆ ಗಳಿಗೆಯಲ್ಲಿ ಒಳಗಿದ್ದದ್ದೇ ತಾಳವಾಗಿ ಸುತ್ತತೊಡಗುತ್ತದೆ. ಮೂರನೆಯ ಆವರ್ತದ ಹೊತ್ತಿಗೆ ಕೇಳುವವರ ಕಾಲು ತಾನಾಗಿ ಕುಟ್ಟುವುದನ್ನು ನಾನು ಕಂಡಿದ್ದೇನೆ. ಬಲತುದಿಯಿಂದ ತುಸು ಈಚೆಗೆ ತಂದರೆ ತಾಳ ಮೆಲ್ಲಗೆ ಬೆಳೆಯುತ್ತದೆ: ಆವರ್ತವನ್ನು ಎಂಟು ಹೆಜ್ಜೆಗೆ ಇಳಿಸಿಕೊಂಡಾಗ ತಲೆಕೆಳಗಾಗುವ ಸಂಭವ 16ಕ್ಕೆ 1 ಇದ್ದರೆ, ಸರಾಸರಿ ಎರಡು ಆವರ್ತಕ್ಕೆ ಒಂದು ಹೆಜ್ಜೆ ಬದಲಾಗುತ್ತದೆ. ಆವರ್ತವನ್ನು ಐದಕ್ಕೂ ಇಳಿಸಬಹುದು, ಖಂಡ ನಡೆಗೆ ಸರಿ. ಆದರೆ ಏಳು ಇಲ್ಲ. ಮಿಶ್ರಛಾಪು ಪ್ರಿಯರಿಗೆ ಅದೊಂದು ಕೊರತೆ.

ನನಗೆ ರೋಮಾಂಚನವಾಗುವುದು ಗುಂಡಿ ಪೂರ್ತಿ ಎಡಕ್ಕೆ ಹೋದಾಗ. ಅಲ್ಲಿ ಹಿಂತಿರುಗುವ ಪ್ರತಿ ಅಂಕಿಯೂ ತಲೆಕೆಳಗಾಗಲೇಬೇಕು. ಒಂದು ಸುತ್ತಿನಲ್ಲಿ ಪೆಟ್ಟು 1, 4, 7ನೆಯ ಹೆಜ್ಜೆಗೆ ಬಿದ್ದಿದ್ದರೆ ಮುಂದಿನ ಸುತ್ತಿನಲ್ಲಿ 2, 3, 5, 6, 8ಕ್ಕೆ ಬೀಳುತ್ತದೆ. ಮೌನವಿದ್ದಲ್ಲೆಲ್ಲ ಪೆಟ್ಟು, ಪೆಟ್ಟಿದ್ದಲ್ಲೆಲ್ಲ ಮೌನ! ಮೂರನೆಯ ಸುತ್ತಿಗೆ ಹಳೆಯದೇ ಮರಳುತ್ತದೆ. ಎಂಟು ಹೆಜ್ಜೆಯ ತಾಳ ಒಂದು ಬಿಡಿಭಾಗವನ್ನೂ ಸೇರಿಸದೆ ಹದಿನಾರಾಯಿತು, ಮೊದಲ ಸುತ್ತಿನ ಪ್ರಶ್ನೆಗೆ ಎರಡನೆಯ ಸುತ್ತಿನಲ್ಲಿ ಉತ್ತರವೂ ಸಿಕ್ಕಿತು. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ನೋಡಿ, ಈ ಜೋಡಿಯ ಸೊಗಸು ತಿಳಿಯುತ್ತದೆ.

ಹುಟ್ಟಿದ ತಾಳವನ್ನು ಉಳಿಸಿಡುವ ಏರ್ಪಾಡು ಮಾತ್ರ ಇದರಲ್ಲಿಲ್ಲ. 16 ಕೋಶಗಳಲ್ಲಿ ಆಗಬಹುದಾದ ಜೋಡಣೆಗಳು 65,536. ಗುಂಡಿ ನಡುವಿಗೆ ಬಂತೆಂದರೆ ಹಳೆಯದನ್ನು ಹುಡುಕಿ ತರುವ ದಾರಿಯಿಲ್ಲ. ಆದ್ದರಿಂದ ಯಂತ್ರ ಶುರುಮಾಡುವ ಮೊದಲೇ ರೆಕಾರ್ಡರ್ ಆನ್ ಮಾಡಿಕೊಳ್ಳಿ.