ತಗಡಿನ ಜೋಪಡಿಗಳ ನಡುವೆ ಎದ್ದ ವಿಶ್ವವಿದ್ಯಾಲಯ

1964ರ ಶರತ್ಕಾಲದಲ್ಲಿ ನಾಂತೇರ್‌ನಲ್ಲಿ ಪಾಠ ಶುರುವಾದಾಗ ಕಟ್ಟಡಗಳ ಕೆಲಸ ಇನ್ನೂ ಮುಗಿದಿರಲಿಲ್ಲ. ಪ್ಯಾರಿಸ್ಸಿನ ಪಶ್ಚಿಮಕ್ಕೆ, ಸೀನ್ ನದಿಯ ತಿರುವಿನಲ್ಲಿರುವ ಊರು ಇದು. ಕಾರ್ಖಾನೆಗಳೂ ಕಾರ್ಮಿಕರ ಮನೆಗಳೂ ತುಂಬಿದ್ದ ಈ ಊರಿನ ಪುರಸಭೆ ಎರಡನೇ ಮಹಾಯುದ್ಧಕ್ಕೂ ಮೊದಲಿನಿಂದ ಕಮ್ಯುನಿಸ್ಟರ ಭದ್ರಕೋಟೆ. ಪ್ಯಾರಿಸ್ಸಿನ ಹಳೆಯ ವಿಶ್ವವಿದ್ಯಾಲಯ ಸೊರ್ಬೊನ್‌ನಲ್ಲಿ ಕೂರಲು ಜಾಗ ಸಿಗದ ಸಾಹಿತ್ಯ ಮತ್ತು ಮಾನವಿಕ ವಿಭಾಗಗಳ ವಿದ್ಯಾರ್ಥಿಗಳಿಗಾಗಿ ಸರ್ಕಾರ ಇಲ್ಲಿ ಹೊಸ ಕಾಲೇಜು ಕಟ್ಟಿಸಿತು. ಜಾಗ ವಾಯುಸೇನೆಯ ಹಳೆಯ ಉಗ್ರಾಣದ್ದು, ಸುಮಾರು 30 ಹೆಕ್ಟೇರ್. ಯುದ್ಧದ ನಂತರ ಹುಟ್ಟಿದ ಮಕ್ಕಳು ದೊಡ್ಡವರಾಗಿ ಕಾಲೇಜಿನ ಬಾಗಿಲಿಗೆ ಬಂದು ನಿಂತಿದ್ದ ಕಾಲ ಅದು. 1960ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಎರಡು ಲಕ್ಷದಷ್ಟಿದ್ದ ವಿದ್ಯಾರ್ಥಿಗಳು 1968ರ ಹೊತ್ತಿಗೆ ಐದು ಲಕ್ಷ ಮುಟ್ಟಿದ್ದರು.

ವಿದ್ಯಾರ್ಥಿಗಳು ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದಲ್ಲಿ ಲೋಕಲ್ ರೈಲು ಹಿಡಿದು ಲಾ ಫೋಲಿ ಎಂಬ ಪುಟ್ಟ ನಿಲ್ದಾಣದಲ್ಲಿ ಇಳಿಯುತ್ತಿದ್ದರು. ಮುಂದೆ ಕೆಸರು, ಮರಳಿನ ರಾಶಿ, ಕಾಂಕ್ರೀಟಿನ ಹೊಸ ಕಟ್ಟಡಗಳು. ಹತ್ತಿರದಲ್ಲಿ ಒಂದು ಕೆಫೆ ಇಲ್ಲ, ಪುಸ್ತಕದಂಗಡಿ ಇಲ್ಲ, ಸಿನಿಮಾ ಮಂದಿರ ಇಲ್ಲ. ವಿಶ್ವವಿದ್ಯಾಲಯದ ದೊಡ್ಡ ಗ್ರಂಥಾಲಯ ಇನ್ನೂ ಕಟ್ಟುವ ಹಂತದಲ್ಲೇ ಇತ್ತು. ಆದರೆ ಪಕ್ಕದಲ್ಲೇ ಒಂದು ಊರಿತ್ತು. ಹಳೇ ತಗಡು, ಹಲಗೆ, ಟಾರು ಕಾಗದಗಳಿಂದ ಮಾಡಿದ ಜೋಪಡಿಗಳ ಊರು. ನಾಂತೇರ್‌ನ ಇಂಥ ಕೊಳೆಗೇರಿಗಳಲ್ಲಿ ಸಾವಿರಾರು ಮಂದಿ ಬದುಕುತ್ತಿದ್ದರು. ಬಹುಪಾಲು ಅಲ್ಜೀರಿಯಾದವರು, ಜೊತೆಗೆ ಮೊರಾಕ್ಕೋ ಮತ್ತು ಪೋರ್ಚುಗಲ್‌ನವರು. ಒಂದೇ ನಲ್ಲಿಯ ಮುಂದೆ ಹೆಂಗಸರೂ ಮಕ್ಕಳೂ ಬಿಂದಿಗೆ, ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದರು. ಗಂಡಸರು ಕಾರ್ಖಾನೆಗಳಿಗೆ, ಪ್ಯಾರಿಸ್ ಸುತ್ತ ಏಳುತ್ತಿದ್ದ ಕಟ್ಟಡಗಳ ಕೆಲಸಕ್ಕೆ ಹೋಗುತ್ತಿದ್ದರು. ತರಗತಿಯ ಕಿಟಕಿಯಿಂದ ನೋಡಿದರೆ ಇದೆಲ್ಲ ಕಾಣುತ್ತಿತ್ತು.

ನಾಂತೇರ್ ವಿಶ್ವವಿದ್ಯಾಲಯದ ಚರಿತ್ರೆ ಬರೆದವರು ಸಾಮಾನ್ಯವಾಗಿ 1968ರ ವಿದ್ಯಾರ್ಥಿ ಗಲಭೆಯಿಂದಲೇ ಕಥೆ ಶುರುಮಾಡುತ್ತಾರೆ. ಆದರೆ ಈ ಕಿಟಕಿಯನ್ನು ಬಿಟ್ಟರೆ ಆ ಗಲಭೆ ಅರ್ಥವಾಗುವುದು ಕಷ್ಟ. ಪ್ಯಾರಿಸ್ಸಿನ ಪಶ್ಚಿಮ ಭಾಗದ ಅನುಕೂಲಸ್ಥ ಮನೆಗಳಿಂದ ಬಂದ ಹುಡುಗ ಹುಡುಗಿಯರು ಸಮಾಜಶಾಸ್ತ್ರದ ಪಾಠ ಕೇಳುತ್ತಿದ್ದ ಕೋಣೆಯಿಂದ ಕೂಗಳತೆಯ ದೂರದಲ್ಲೇ, ಅವರ ದೇಶ ತನ್ನ ಕೂಲಿಕಾರರನ್ನು ಹೇಗೆ ಇಟ್ಟುಕೊಂಡಿದೆ ಎಂಬುದು ಕಣ್ಣಿಗೆ ರಾಚುತ್ತಿತ್ತು. ಪಾಠ ಮಾಡುತ್ತಿದ್ದವರೂ ಸಾಮಾನ್ಯರಲ್ಲ. ನಗರದ ಮೇಲೆ ಅಲ್ಲಿ ಬದುಕುವವರೆಲ್ಲರಿಗೂ ಹಕ್ಕಿದೆ ಎಂದು ವಾದಿಸಿದ ಆನ್ರಿ ಲಫೇವ್ರ್ ಇಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರ ಸಹಾಯಕರಾಗಿದ್ದವರು ಮುಂದೆ ಲೋಕಪ್ರಸಿದ್ಧರಾದ ಜಾಂ ಬೋದ್ರಿಯಾ. ಅಲೆನ್ ತೂರೇನ್ ಕೂಡ ಇಲ್ಲೇ ಸಮಾಜಶಾಸ್ತ್ರ ಹೇಳುತ್ತಿದ್ದರು. ತತ್ತ್ವಶಾಸ್ತ್ರ ವಿಭಾಗದಲ್ಲಿ ಪಾಲ್ ರಿಕರ್ ಇದ್ದರು, ಇಮ್ಯಾನುಯೆಲ್ ಲೆವಿನಾಸ್ ಇದ್ದರು.

ವಿದ್ಯಾರ್ಥಿಗಳ ಸಂಖ್ಯೆ ಮೊದಲ ವರ್ಷದ ಎರಡು ಸಾವಿರದಿಂದ ನಾಲ್ಕು ವರ್ಷದೊಳಗೆ ಹತ್ತು ಸಾವಿರ ದಾಟಿತು. ಕ್ಯಾಂಪಸ್ಸಿನ ಹಾಸ್ಟೆಲುಗಳಲ್ಲಿ ಹೆಣ್ಣುಮಕ್ಕಳ ಕಟ್ಟಡಕ್ಕೆ ಗಂಡುಮಕ್ಕಳು ಹೋಗುವಂತಿರಲಿಲ್ಲ. ಈ ನಿಯಮದ ವಿರುದ್ಧ 1967ರಲ್ಲೇ ಹುಡುಗರು ಅಲ್ಲಿಗೆ ನುಗ್ಗಿ ಧರಣಿ ಕೂತಿದ್ದರು. 1968ರ ಜನವರಿಯಲ್ಲಿ ಕ್ಯಾಂಪಸ್ಸಿನ ಈಜುಕೊಳಕ್ಕೆ ಬಂದ ಯುವಜನ ಮತ್ತು ಕ್ರೀಡಾ ಸಚಿವ ಫ್ರಾನ್ಸ್ವಾ ಮಿಸೋಫ್ ಅವರನ್ನು ಕೆಂಪು ಕೂದಲಿನ ಒಬ್ಬ ವಿದ್ಯಾರ್ಥಿ ತಡೆದು ಪ್ರಶ್ನೆ ಕೇಳಿದ: ಯುವಜನರ ಬಗ್ಗೆ ನೀವು ತಂದ ದಪ್ಪ ವರದಿಯಲ್ಲಿ ಅವರ ಲೈಂಗಿಕ ಸಮಸ್ಯೆಗಳ ಬಗ್ಗೆ ಒಂದು ಮಾತೂ ಇಲ್ಲವಲ್ಲ? ಅಂಥ ತೊಂದರೆಯಿದ್ದರೆ ಕೊಳಕ್ಕೆ ಹಾರು ಎಂಬರ್ಥದ ಉತ್ತರ ಕೊಟ್ಟು ಸಚಿವರು ಮುಂದೆ ಹೋದರು. ಆ ವಿದ್ಯಾರ್ಥಿಯೇ ಮುಂದೆ ಚಳವಳಿಯ ಮುಖವಾದ ದಾನಿಯೆಲ್ ಕೋನ್-ಬೆಂಡಿಟ್.

ಮಾರ್ಚ್‌ನಲ್ಲಿ ವಿಯೆಟ್ನಾಂ ಯುದ್ಧ ವಿರೋಧಿ ಪ್ರತಿಭಟನೆಯ ಬೆನ್ನಲ್ಲೇ ಕೆಲವರ ಬಂಧನವಾಯಿತು. ಅವರಲ್ಲಿ ನಾಂತೇರ್‌ನ ವಿದ್ಯಾರ್ಥಿಯೂ ಇದ್ದ. 22ರ ಸಂಜೆ 142 ಮಂದಿ ಆಡಳಿತ ಕಟ್ಟಡದ ಮೇಲಂತಸ್ತಿನಲ್ಲಿದ್ದ ಪ್ರಾಧ್ಯಾಪಕರ ಸಭಾಂಗಣ ಹೊಕ್ಕು ರಾತ್ರಿಯವರೆಗೆ ಅಲ್ಲೇ ಕೂತರು. 'ಮಾರ್ಚ್ 22ರ ಚಳವಳಿ' ಹುಟ್ಟಿದ್ದು ಅಲ್ಲಿ. ಡೀನ್ ಪಿಯೆರ್ ಗ್ರಪ್ಪಾಂ ಮೇ 2ರಂದು ಕಾಲೇಜು ಮುಚ್ಚಿಸಿದರು. ಮರುದಿನ ವಿದ್ಯಾರ್ಥಿಗಳು ಸೊರ್ಬೊನ್ ಅಂಗಳದಲ್ಲಿ ಸೇರಿದರು, ಅಲ್ಲಿಗೆ ಪೊಲೀಸರು ಹೊಕ್ಕರು, ಆಮೇಲಿನ ವಾರಗಳಲ್ಲಿ ಲಕ್ಷಾಂತರ ಕಾರ್ಮಿಕರ ಮುಷ್ಕರದಿಂದ ಇಡೀ ಫ್ರಾನ್ಸ್ ನಿಂತುಹೋಯಿತು. ಯುದ್ಧಕಾಲದಲ್ಲಿ ನಾತ್ಸಿಗಳ ವಿರುದ್ಧದ ಪ್ರತಿರೋಧದಲ್ಲಿ ಪಾಲ್ಗೊಂಡಿದ್ದ ಗ್ರಪ್ಪಾಂ ಅವರನ್ನೇ ಕೆಲವು ವಿದ್ಯಾರ್ಥಿಗಳು ನಾತ್ಸಿ ಎಂದು ಜರೆದರು. ಆ ಚಳವಳಿಯನ್ನು ಎಷ್ಟು ಪ್ರೀತಿಯಿಂದ ನೆನೆದರೂ ಇದೊಂದು ಅನ್ಯಾಯವೇ.

ರೋಬೆರ್ ಮೆರ್ಲ್ ಎಂಬ ಕಾದಂಬರಿಕಾರ ಆಗ ಇಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಮಾರ್ಚ್ 22ರ ಆ ಒಂದು ದಿನವನ್ನೇ ಇಟ್ಟುಕೊಂಡು ಅವರು 1970ರಲ್ಲಿ ಕಾದಂಬರಿ ಪ್ರಕಟಿಸಿದರು. ಅದರಲ್ಲಿ ವಿದ್ಯಾರ್ಥಿಗಳು, ಮೇಷ್ಟರುಗಳ ಜೊತೆಗೆ, ಕ್ಯಾಂಪಸ್ಸಿನಲ್ಲಿ ಕಟ್ಟಡದ ಕೂಲಿ ಮಾಡುವ ಒಬ್ಬ ಅಲ್ಜೀರಿಯನ್ ಯುವಕನಿಗೂ ಮುಖ್ಯ ಜಾಗವಿದೆ. ಕ್ರಾಂತಿಯ ಮಾತಿನ ಪಕ್ಕದಲ್ಲೇ ಗಾರೆ ಹೊರುತ್ತಿದ್ದವನನ್ನು ಮೆರ್ಲ್ ಮರೆಯಲಿಲ್ಲ.

1968ರ ನವೆಂಬರ್‌ನಲ್ಲಿ ಶಿಕ್ಷಣ ಸಚಿವ ಎಡ್ಗರ್ ಫೋರ್ ಅವರ ಕಾನೂನು ಬಂತು. ಹಳೆಯ ವ್ಯವಸ್ಥೆಯನ್ನು ಒಡೆದು, ಸ್ವಂತ ಆಡಳಿತ ಮಂಡಳಿಯುಳ್ಳ ವಿಶ್ವವಿದ್ಯಾಲಯಗಳನ್ನು ರೂಪಿಸಿ, ಮಂಡಳಿಯಲ್ಲಿ ವಿದ್ಯಾರ್ಥಿಗಳಿಗೂ ಸ್ಥಾನ ಕೊಟ್ಟ ಕಾನೂನು ಅದು. ಅದರಂತೆ ನಾಂತೇರ್ 'ಹತ್ತನೇ ಪ್ಯಾರಿಸ್ ವಿಶ್ವವಿದ್ಯಾಲಯ'ವಾಯಿತು. ಆದರೆ ಕಾಗದದ ಮೇಲಿನ ಸುಧಾರಣೆ ಅಂಗಳಕ್ಕೆ ಶಾಂತಿ ತರಲಿಲ್ಲ. ಸೊರ್ಬೊನ್ ಬಿಟ್ಟು ಇಷ್ಟಪಟ್ಟು ಬಂದಿದ್ದ ರಿಕರ್ 1969ರಲ್ಲಿ ಡೀನ್ ಆದರು. ಮಾತುಕತೆಯಿಂದ ಎಲ್ಲವನ್ನೂ ಸರಿಪಡಿಸಬಹುದೆಂದು ನಂಬಿದ್ದ ಅವರ ತಲೆಯ ಮೇಲೆ 1970ರ ಜನವರಿಯಲ್ಲಿ ಯಾರೋ ಕಸದ ಡಬ್ಬ ಮಗುಚಿದರು. ಎರಡು ತಿಂಗಳಲ್ಲಿ, ಕ್ಯಾಂಪಸ್ಸಿನಲ್ಲಿ ಪೊಲೀಸರ ಮತ್ತು ವಿದ್ಯಾರ್ಥಿಗಳ ಘರ್ಷಣೆಯಾದ ಮೇಲೆ, ರಿಕರ್ ರಾಜೀನಾಮೆ ಕೊಟ್ಟರು. ದಶಕಗಳ ನಂತರ ಅವರ ಕೊನೆಯ ದೊಡ್ಡ ಗ್ರಂಥವೊಂದರ ತಯಾರಿಯಲ್ಲಿ ನೆರವಾದ ಯುವಕ ಇದೇ ನಾಂತೇರ್‌ನಲ್ಲಿ ತತ್ತ್ವಶಾಸ್ತ್ರ ಓದಿ, ಮುಂದೆ ಫ್ರಾನ್ಸ್‌ನ ಅಧ್ಯಕ್ಷರಾದ ಎಮ್ಯಾನುಯೆಲ್ ಮ್ಯಾಕ್ರೋನ್. ಇನ್ನೊಬ್ಬ ಅಧ್ಯಕ್ಷ ನಿಕೊಲಾ ಸರ್ಕೋಜಿ ಮತ್ತು ಯುರೋಪಿನ ಕೇಂದ್ರ ಬ್ಯಾಂಕಿನ ಅಧ್ಯಕ್ಷೆ ಕ್ರಿಸ್ಟೀನ್ ಲಗಾರ್ಡ್ ಇಲ್ಲಿ ಕಾನೂನು ಓದಿದವರು.

ಕೊಳೆಗೇರಿಗಳನ್ನು 1970ರ ದಶಕದ ಆರಂಭದಲ್ಲಿ ತೆರವುಗೊಳಿಸಲಾಯಿತು. ಅದೇ ದಶಕದಲ್ಲಿ ವೇಗದ ಉಪನಗರ ರೈಲು ಬಂದು, ಪ್ಯಾರಿಸ್ಸಿನ ನಡುಮಧ್ಯದಿಂದ ಸ್ವಲ್ಪ ಹೊತ್ತಿನಲ್ಲೇ ಇಲ್ಲಿಗೆ ತಲುಪುವಂತಾಯಿತು. ಪಕ್ಕದ ಲಾ ದೆಫಾನ್ಸ್‌ನಲ್ಲಿ ಕಂಪನಿಗಳ ಗಾಜಿನ ಗೋಪುರಗಳು ಎದ್ದವು. ವಿಶ್ವವಿದ್ಯಾಲಯ ಕೂಡ ಕೆಲವು ಕಾಲ ತನ್ನ ಹೆಸರಿಗೆ ಲಾ ದೆಫಾನ್ಸ್ ಸೇರಿಸಿಕೊಂಡು, ಆಮೇಲೆ ಅದನ್ನು ಬಿಟ್ಟು 'ಪ್ಯಾರಿಸ್ ನಾಂತೇರ್' ಎಂದಷ್ಟೇ ಉಳಿಸಿಕೊಂಡಿತು. ವ್ಯಾಪಾರಿ ಗೋಪುರಗಳ ಹೆಸರಿಗಿಂತ ಊರಿನ ಹೆಸರೇ ಇದಕ್ಕೆ ಒಪ್ಪುತ್ತದೆ. 2015ರಲ್ಲಿ ಹೊಸ ರೈಲು ನಿಲ್ದಾಣ ತೆರೆಯಿತು. 2024ರಲ್ಲಿ ಇನ್ನೊಂದು ಉಪನಗರ ಮಾರ್ಗವೂ ಇತ್ತ ಬಂತು. ಕ್ಯಾಂಪಸ್ಸಿನ ಮಗ್ಗುಲಲ್ಲೇ ರೋಜೆ ದೆ ಪ್ರೆ ಎಂಬ ರಂಗಕರ್ಮಿ 1990ರ ದಶಕದಿಂದ ಒಂದು ತೋಟ ನಡೆಸುತ್ತಿದ್ದಾರೆ. ಅಲ್ಲಿ ನಾಟಕವೂ ಉಂಟು, ಕುರಿಮಂದೆಯೂ ಉಂಟು. ಆ ಕುರಿಗಳು ವಿಶ್ವವಿದ್ಯಾಲಯದ ಹುಲ್ಲುಗಾವಲಿನಲ್ಲೂ ಮೇಯ್ದಿವೆ.

ಇವತ್ತು ಇಲ್ಲಿ 30 ಸಾವಿರಕ್ಕೂ ಹೆಚ್ಚು ಮಂದಿ ಓದುತ್ತಾರೆ. ಫ್ರಾನ್ಸ್‌ನ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಯ ವಾರ್ಷಿಕ ಶುಲ್ಕ ಸ್ಥಳೀಯರಿಗೆ 200 ಯೂರೋ ಒಳಗೇ ಇದೆ. ಐರೋಪ್ಯ ಒಕ್ಕೂಟದ ಹೊರಗಿನವರಿಗೆ 2019ರಿಂದ ಸರ್ಕಾರ ಹಲವು ಪಟ್ಟು ಹೆಚ್ಚಿನ ದರ ಗೊತ್ತುಮಾಡಿದೆ. ನಮ್ಮ ಕಡೆಯಿಂದ ಅಲ್ಲಿಗೆ ಹೋಗಬೇಕೆನ್ನುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಲವು ವಿಶ್ವವಿದ್ಯಾಲಯಗಳು ವಿನಾಯಿತಿಯನ್ನೂ ಕೊಡುತ್ತವೆ. ಪ್ರವೇಶದ ವಿಷಯ ಇನ್ನೂ ಸೂಕ್ಷ್ಮ. ಶಾಲೆಯ ಕೊನೆಯ ಪರೀಕ್ಷೆ 'ಬ್ಯಾಕ್' ಪಾಸಾದವರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಬೇಕು ಎಂಬುದು ಅಲ್ಲಿನ ಜನ ತಮ್ಮ ಹಕ್ಕೆಂದು ನಂಬಿದ ವಿಷಯ. 2018ರಲ್ಲಿ ಅರ್ಜಿಗಳನ್ನು ಜರಡಿ ಹಿಡಿಯುವ ಹೊಸ ವ್ಯವಸ್ಥೆ ಬಂದಾಗ ನಾಂತೇರ್ ವಿದ್ಯಾರ್ಥಿಗಳು ಮತ್ತೆ ಕಟ್ಟಡ ಹಿಡಿದರು. ಏಪ್ರಿಲ್‌ನಲ್ಲಿ ಪೊಲೀಸರು ಬಂದು ಅವರನ್ನು ಹೊರಹಾಕಿದರು. ಸಿರಿವಂತರ ಮಕ್ಕಳಿಗೆ ಪ್ರತಿಷ್ಠಿತ ವಿಶೇಷ ಕಾಲೇಜುಗಳ ದಾರಿ ಇದ್ದೇ ಇದೆ. ಉಪನಗರದ ಬಡ ಮನೆಯ ಹುಡುಗಿಗೆ ಉಳಿಯುವುದು ಇಂಥ ವಿಶ್ವವಿದ್ಯಾಲಯವೇ. ಹಾಗಾಗಿ ಆ ಸಿಟ್ಟನ್ನು ಹಳೆಯ ಚಟ ಎಂದು ತಳ್ಳಿಹಾಕಲಾಗದು.

ಕ್ಯಾಂಪಸ್ಸಿನ ಅಂಚಿನಲ್ಲಿ 2021ರಲ್ಲಿ 'ಲಾ ಕಾಂತಾಂಪೊರೇನ್' ಎಂಬ ಸಂಸ್ಥೆಯ ಹೊಸ ಕಟ್ಟಡ ತೆರೆಯಿತು. ಗ್ರಂಥಾಲಯ, ದಾಖಲೆ ಭಂಡಾರ, ವಸ್ತುಸಂಗ್ರಹಾಲಯ ಮೂರೂ ಸೇರಿದ ಸಂಸ್ಥೆ ಇದು. ಮೊದಲ ಮಹಾಯುದ್ಧ ಶುರುವಾದಾಗ ಲೆಬ್ಲಾಂ ದಂಪತಿ ಕೂಡಿಡತೊಡಗಿದ ಪೋಸ್ಟರು, ಪತ್ರಿಕೆ, ಚಿತ್ರಗಳಿಂದ ಬೆಳೆದದ್ದು. 1961ರ ಅಕ್ಟೋಬರ್ 17ರಂದು ನಾಂತೇರ್‌ನಂಥ ಕೊಳೆಗೇರಿಗಳಿಂದ ಪ್ಯಾರಿಸ್ಸಿಗೆ ಶಾಂತಿಯುತ ಮೆರವಣಿಗೆಗೆ ಹೊರಟ ಅಲ್ಜೀರಿಯನ್ನರ ಮೇಲೆ ಪೊಲೀಸರು ಮುಗಿಬಿದ್ದ ರಾತ್ರಿ, ಎಲಿ ಕಗಾನ್ ಎಂಬ ಛಾಯಾಗ್ರಾಹಕ ತೆಗೆದ ಚಿತ್ರಗಳು ಇಲ್ಲಿವೆ. ಕೊಳೆಗೇರಿಯಲ್ಲೇ ವರ್ಷಗಟ್ಟಲೆ ಅಲ್ಲಿನವರ ಜೊತೆ ಬದುಕಿದ ಮೋನಿಕ್ ಎರ್ವೊ ತೆಗೆದ ಚಿತ್ರಗಳೂ ಇವೆ: ಜೋಪಡಿಯ ಬಾಗಿಲು, ಕೆಸರಿನ ಓಣಿ, ಮಕ್ಕಳು. ವಿಶ್ವವಿದ್ಯಾಲಯದವರಿಗಷ್ಟೇ ಅಲ್ಲ, ನೋಡಬೇಕೆನ್ನುವ ಯಾರಿಗೇ ಆದರೂ ಅಲ್ಲಿನ ಓದುಕೋಣೆ ತೆರೆದಿದೆ.