ಇನ್ನೊಂದು ಕೈ ತೋರಿಸಿ!

ಯಲಹಂಕ ಉಪನಗರದ ಮದರ್ ಡೇರಿಯಿಂದ ಕೂಗಳತೆ ದೂರದಲ್ಲೊಂದು ಅಪಾರ್ಟ್‌ಮೆಂಟು. ಭಾನುವಾರ ಸಂಜೆ ಐದೂವರೆ. ನೆಲಮಹಡಿಯ ಹಾಲಿನಲ್ಲಿ ಹುಟ್ಟುಹಬ್ಬಕ್ಕೆ ಕಟ್ಟಿದ ಬಲೂನುಗಳಲ್ಲಿ ಆಗಲೇ ಎರಡು ಮೂರು ಒಡೆದಿವೆ. ಜಮಖಾನದ ಮೇಲೆ ಮೂವತ್ತೈದು ನಲವತ್ತು ಮಕ್ಕಳು, ಅವರ ಹಿಂದೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅಪ್ಪ ಅಮ್ಮಂದಿರು. ಗೋಡೆಗೊರಗಿ ಕೂತ ಒಬ್ಬ ಅಜ್ಜ, ಹೆಗಲ ಮೇಲೆ ಟವೆಲ್ಲು. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ದೊಡ್ಡಬಳ್ಳಾಪುರದ ಆಚೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬಂದವರು.

ಜಾದೂಗಾರರು ಒಂದು ಗಂಟೆ ಮೊದಲೇ ಬಂದಿದ್ದಾರೆ. ಆರ್.ಟಿ. ನಗರದಿಂದ ಹೊರಟು, ಸ್ಕೂಟರಿನ ಹಿಂದೆ ಎರಡು ಸೂಟ್‌ಕೇಸು ಕಟ್ಟಿಕೊಂಡು, ಹೆಬ್ಬಾಳದ ಮೇಲ್ಸೇತುವೆಯ ವಾಹನ ಸಂದಣಿಯಲ್ಲಿ ತೂರಿಕೊಂಡು. ಬಂದವರು ಸೂಟ್‌ಕೇಸು ಬಿಚ್ಚುವ ಮೊದಲು ಹಾಲಿನ ನಾಲ್ಕೂ ಮೂಲೆಗೆ ಹೋಗಿ, ಕುಕ್ಕರಗಾಲಲ್ಲಿ ಕೂತು, ಮಗುವಿನ ಕಣ್ಣಿನ ಎತ್ತರದಿಂದ ತಮ್ಮ ಮೇಜನ್ನು ನೋಡಿದರು. ಕುರ್ಚಿಯಲ್ಲಿ ಕೂತವರಿಗೆ ಮೇಜಿನ ಮೇಲ್ಭಾಗ ಕಾಣುತ್ತದೆ. ನೆಲದ ಮೇಲೆ ಕೂತ ಮಗುವಿಗೆ ಕಾಣುವುದು ಮೇಜಿನಡಿ, ಅಂಗೈಯ ಕೆಳಭಾಗ, ಕೋಟಿನ ಒಳಮಡಿಕೆ. ಎಡಬದಿಯ ಸೋಫಾವನ್ನು ತಾವೇ ತಳ್ಳಿ ಹಿಂದಕ್ಕೆ ಸರಿಸಿದರು. ತಾವು ನಿಲ್ಲುವ ಜಾಗದ ಹಿಂದಿದ್ದ ದೊಡ್ಡ ಕಿಟಕಿಗೆ ಪರದೆ ಎಳೆದರು. ಹೊರಗೆ ಇನ್ನೂ ಬಿಸಿಲಿತ್ತು, ಮನೆಯವರಿಗೆ ಅರ್ಥವಾಗಲಿಲ್ಲ.

"ಇನ್ನು ಸ್ವಲ್ಪ ಹೊತ್ತಿಗೆ ಕತ್ತಲಾಗತ್ತಮ್ಮ. ಒಳಗೆ ಲೈಟ್ ಹಾಕಿದ ತಕ್ಷಣ ಈ ಗಾಜು ಕನ್ನಡಿ ಆಗ್ಬಿಡತ್ತೆ. ಆಮೇಲೆ ನನ್ನ ಬೆನ್ನು ಮಕ್ಕಳ ಪಾಲು."

ಮೊದಲ ಆಟ ನಾಣ್ಯದ್ದು. ಇವರ ಜೇಬಿನಲ್ಲಿರುವುದು 1975ರಲ್ಲಿ ಬಂದ ದಪ್ಪ ಒಂದು ರೂಪಾಯಿ, 28 ಮಿಲಿಮೀಟರ್ ಅಗಲ, 8 ಗ್ರಾಂ ತೂಕ. ಈಗಿನ ಪುಟ್ಟ ರೂಪಾಯಿ ಹಿಂದಿನ ಸಾಲಿಗೆ ಕಾಣುವುದಿಲ್ಲ, ಬೆರಳ ಸಂದಿಯಲ್ಲೂ ನಿಲ್ಲುವುದಿಲ್ಲ. ಬಲಗೈ ಬೆರಳುಗಳ ತುದಿಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. ಎಡಗೈ ಅದರ ಮುಂದೆ ಬಂತು, ಮುಚ್ಚಿತು, ನಾಣ್ಯ ತೆಗೆದುಕೊಂಡು ಪಕ್ಕಕ್ಕೆ ಸರಿಯಿತು. ಅವರ ಕಣ್ಣು ಎಡಮುಷ್ಟಿಯ ಹಿಂದೆ ಹೋಯಿತು. ಕುರ್ಚಿಯಲ್ಲಿದ್ದ ನಮ್ಮೆಲ್ಲರ ಕಣ್ಣು ಅವರ ಕಣ್ಣಿನ ಹಿಂದೆ ಹೋಯಿತು. ಮುಷ್ಟಿಗೆ ಉಫ್ ಎಂದು ಊದಿದರು. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಖಾಲಿ.

"ಅಂಕಲ್, ಇನ್ನೊಂದ್ ಕೈ ತೋರ್ಸಿ!"

ಕನ್ನಡಕದ ಹುಡುಗ. ಹುಟ್ಟುಹಬ್ಬ ಅವನದೇ, ಏಳು ತುಂಬಿದೆ. ಮಂಡಿಯ ಮೇಲೆ ಎದ್ದು ಬೆರಳು ಚಾಚಿದ್ದಾನೆ. ಅವನ ಕೂಗು ಕೇಳಿದ್ದೇ ತಡ, "ದೂಸ್ರಾ ಹಾಥ್, ದೂಸ್ರಾ ಹಾಥ್" ಎಂದು ಇನ್ನೊಂದು ದನಿ, "ಆ ಚೆಯ್ಯಿ" ಎಂದು ತೆಲುಗಿನಲ್ಲಿ ಮತ್ತೊಂದು. ಕುರ್ಚಿ ಸಾಲಿನಿಂದ ಅವನ ತಾಯಿ ಗದರಿದರು, "ಶ್, ಸುಮ್ನೆ ಕೂತ್ಕೋ. ಅಂಕಲ್‌ಗೆ ಡಿಸ್ಟರ್ಬ್ ಮಾಡ್ಬೇಡ."

"ಬಿಡಿ ಮೇಡಂ, ಹೇಳ್ಲಿ" ಎಂದರು ಜಾದೂಗಾರರು. ಮೇಜು ದಾಟಿ ಬಂದು ಹುಡುಗನೆದುರು ಮಂಡಿಯೂರಿದರು. "ಯಾವ ಕೈ ಮರಿ?"

"ಬಲಗೈ. ನೀವು ತಗೊಂಡೇ ಇಲ್ಲ. ತಗೊಂಡ ಹಾಗೆ ಮಾಡಿದ್ರಿ."

ಬಲಗೈ ಬಿಚ್ಚಿದರು. ನಾಣ್ಯ ಅಲ್ಲೇ ಇತ್ತು.

"ಸರಿಯಾಗಿ ನೋಡಿದೀಯ ಕಣಪ್ಪ. ಇವನಿಗೆ ಎಲ್ರೂ ಒಂದು ಚಪ್ಪಾಳೆ ಹೊಡೀರಿ."

ಚಪ್ಪಾಳೆ ಬಿತ್ತು. ಆಮೇಲೆ ಅವರು ತೋಳು ಮೊಣಕೈವರೆಗೆ ಮಡಚಿ, ಎರಡೂ ಅಂಗೈ ಅಗಲಿಸಿ, ಅವನ ಮೂಗಿನಿಂದ ಒಂದಡಿ ದೂರದಲ್ಲಿ ಅದೇ ನಾಣ್ಯವನ್ನು ಮತ್ತೆ ಮಾಯ ಮಾಡಿದರು. ಈ ಸಲ ಬಲಗೈಯೂ ಖಾಲಿ. ನಾಣ್ಯ ಬಂದದ್ದು ಹುಡುಗನ ಅಂಗಿಯ ಕಾಲರಿನಿಂದ. ಅವನು ಕಾಲರು ಮುಟ್ಟಿ ನೋಡಿಕೊಂಡ, ಅವರ ಮೊಣಕೈ ನೋಡಿದ, ಮತ್ತೆ ಅಂಗೈ ನೋಡಿದ. ಕೂಗಲಿಲ್ಲ. ಕನ್ನಡಕದ ಹಿಂದೆ ಕಣ್ಣು ಮಾತ್ರ ಕೆಲಸ ಮಾಡುತ್ತಿತ್ತು.

ಮೂವತ್ತು ವರ್ಷದಿಂದ ಅವರು ಪಾಲಿಸಿಕೊಂಡು ಬಂದ ನಿಯಮ ಒಂದೇ, ಆಮೇಲೆ ಅವರೇ ಹೇಳಿದ್ದು. ಮಗು ಕಂಡದ್ದು ನಿಜವಾದರೆ ಅದನ್ನು ಸುಳ್ಳು ಮಾಡಬಾರದು. ನಾಣ್ಯವನ್ನು ಜೇಬಿಗೆ ಜಾರಿಸಿ, ಖಾಲಿ ಬಲಗೈ ತೋರಿಸಿ, "ಎಲ್ಲಿದೆಯಪ್ಪ?" ಎಂದು ನಗುವುದು ಅವರಿಗೆ ಕಷ್ಟವಲ್ಲ. ಹಾಗೆ ಮಾಡಿದರೆ ಆಟ ಉಳಿಯುತ್ತದೆ, ಆದರೆ ಮಗು ತನ್ನ ಕಣ್ಣನ್ನೇ ಅನುಮಾನಿಸಲು ಕಲಿಯುತ್ತದೆ. ಈ ಮಾತು ನೇರವಾಗಿ ನನ್ನ ಎದೆಗೆ ತಾಕಿತು. ಮೂರನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಗೆ ಬಂದ ಜಾದೂಗಾರನ ಟೋಪಿಗೆ ಎರಡು ತಳ ಇರುವುದನ್ನು ಕಂಡು ನಾನೂ ಕೂಗಿದ್ದೆ. ಮೇಷ್ಟ್ರು ಕಿವಿ ಹಿಡಿದು ಎಬ್ಬಿಸಿ, ಆಟ ಮುಗಿಯುವ ತನಕ ಜಗಲಿಯ ಮೇಲೆ ನಿಲ್ಲಿಸಿದರು. ಒಳಗಿನ ಚಪ್ಪಾಳೆ ಕೇಳುತ್ತಾ ನಿಂತಿದ್ದೆ. ಎರಡು ತಳ ಇದ್ದದ್ದಂತೂ ನಿಜ.

ಹಾಲಿನಲ್ಲಿ ಈಗ ದಾಳದ ಪೆಟ್ಟಿಗೆ ಹೊರಬಂದಿದೆ. ನೂರು ವರ್ಷಕ್ಕೂ ಹಳೆಯ ಆಟ. ಎರಡು ಕೋಣೆಯ ಮರದ ಪೆಟ್ಟಿಗೆ, ಕೋಣೆಗೊಂದು ಪುಟ್ಟ ಬಾಗಿಲು. ತೆಂಗಿನಕಾಯಿ ಗಾತ್ರದ ದಾಳವನ್ನು ಒಂದು ಕೋಣೆಯೊಳಗಿಟ್ಟು ಬಾಗಿಲು ಹಾಕಿದರು. ಪೆಟ್ಟಿಗೆಯನ್ನು ಎಡಕ್ಕೆ ವಾಲಿಸಿದರು. ಒಳಗೆ ಗಡಗಡ ಉರುಳಿದ ಸದ್ದು. ಬಲಬಾಗಿಲು ತೆರೆದು, "ದಾಳ ಮಾಯ!" ಎಂದರು.

ಇಡೀ ಹಾಲ್ ಸ್ಫೋಟಿಸಿತು. "ಆ ಕಡೆ ಇದೆ!" "ಆ ಬಾಗ್ಲು ತೆಗೀರಿ!" ಅವರು ಬಲಬಾಗಿಲು ಮುಚ್ಚಿ, ಬಲಕ್ಕೆ ವಾಲಿಸಿ, ಎಡಬಾಗಿಲು ತೆರೆದರು. "ನೋಡಿ, ಇಲ್ಲೂ ಇಲ್ಲ." ಹಳದಿ ಫ್ರಾಕಿನ ಪುಟ್ಟಿಯೊಬ್ಬಳು ಸಿಟ್ಟಿನಿಂದ ಎದ್ದೇ ಬಂದಳು. "ವಾಲಿಸ್ಬೇಡಿ! ನೆಟ್ಟಗಿಟ್ಟು ಎರಡೂ ಒಟ್ಟಿಗೆ ತೆಗೀರಿ!" ಅವರಿಗೆ ಕೇಳಿಸಲಿಲ್ಲ. ಪೆಟ್ಟಿಗೆಯನ್ನೇ ತಿರುಗಿಸಿ ಹಿಂಭಾಗ ತೋರಿಸಿದರು. ಒಂದು ಬಾಗಿಲನ್ನೇ ಎರಡು ಸಲ ತೆಗೆದರು. ಮಕ್ಕಳು ನಾಲ್ಕು ಭಾಷೆಯಲ್ಲಿ ನೆಲ ಗುದ್ದುತ್ತಿದ್ದಾರೆ. ಕೊನೆಗೆ ಸೋತವರ ಹಾಗೆ ಉಸಿರು ಬಿಟ್ಟು, ಎರಡೂ ಬಾಗಿಲನ್ನು ಪುಟ್ಟಿಯ ಕೈಯಿಂದಲೇ ತೆರೆಸಿದರು. ಒಳಗೆ ಪೆಟ್ಟಿಗೆಯ ಹಿಂಗೋಡೆ ಮಾತ್ರ ಕಾಣಿಸಿತು. ದಾಳ ಕೇಕಿನ ಖಾಲಿ ಡಬ್ಬಿಯೊಳಗಿತ್ತು.

ಆ ಕೂಗಾಟವಿಲ್ಲದಿದ್ದರೆ ಈ ಆಟಕ್ಕೆ ಜೀವವೇ ಇಲ್ಲ. ಮಕ್ಕಳು ಗುಟ್ಟು ಹಿಡಿದೆವೆಂದು ಎದ್ದು ನಿಲ್ಲಬೇಕೆಂದೇ ಅದನ್ನು ಕಟ್ಟಿದ್ದಾರೆ. ನಮ್ಮ ಮೋಡಿ ಆಟದಲ್ಲೂ ವಸ್ತುವನ್ನು ಇಡುವವರು ಒಂದು ಕಡೆ, ಅದನ್ನು ಎತ್ತುವವರು ಇನ್ನೊಂದು ಕಡೆ. ಎದುರಾಳಿ ಇಲ್ಲದೆ ಮೋಡಿ ಇಲ್ಲ.

ಮಕ್ಕಳಿಗೆ ಕಾಣುವುದು ದೊಡ್ಡವರಿಗೇಕೆ ಕಾಣುವುದಿಲ್ಲ? ದೊಡ್ಡವರು ಮಾತಾಡುವವನ ಮುಖ ನೋಡುತ್ತಾರೆ, ಅವನು ನೋಡಿದತ್ತ ನೋಡುತ್ತಾರೆ. ಅದು ನಾವು ಕಲಿತ ಮರ್ಯಾದೆ. ಆ ಮರ್ಯಾದೆಯ ದಾರಿಯಲ್ಲೇ ನಮಗೆ ಮಂಕುಬೂದಿ ಎರಚುತ್ತಾರೆ. ಹಾಗೆಂದು ಎಲ್ಲ ಮಕ್ಕಳೂ ತಪ್ಪಿಸಿಕೊಳ್ಳುವುದಿಲ್ಲ. ನಾರ್ಮನ್ ಟ್ರಿಪ್ಲೆಟ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1900ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಶಾಲಾಮಕ್ಕಳ ಮುಂದೆ ಚೆಂಡನ್ನು ಮೇಲಕ್ಕೆಸೆದು ಹಿಡಿದ. ಕೊನೆಯ ಸಲ ಎಸೆದ ಹಾಗೆ ಕೈ ಮಾತ್ರ ಬೀಸಿ, ಚೆಂಡನ್ನು ಮೇಜಿನ ಮರೆಯಲ್ಲಿ ಬಿಟ್ಟ. ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳು, ಚೆಂಡು ಮೇಲೆ ಹೋಗಿ ಗಾಳಿಯಲ್ಲಿ ಮಾಯವಾದದ್ದನ್ನು ಕಂಡೆವೆಂದೇ ಹೇಳಿದರು. ಎಸೆಯದ ಚೆಂಡನ್ನು ಕಂಡವರು ಅವರು! ಉಳಿದರ್ಧದವರೇ ನಮ್ಮ ಕನ್ನಡಕದ ಹುಡುಗನ ಪೈಕಿ. ಅದರಲ್ಲೂ ಯಲಹಂಕದ ಮಕ್ಕಳಿಗೆ ಇನ್ನೊಂದು ಅಭ್ಯಾಸವಿದೆ. ವಾಯುನೆಲೆಯಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ದಿನಗಳಲ್ಲಿ ಇವರೆಲ್ಲ ತಾರಸಿಯ ಮೇಲೆ. ಯುದ್ಧವಿಮಾನದ ಸದ್ದು ಕೇಳಿದ ಜಾಗದಲ್ಲಿ ವಿಮಾನ ಇರುವುದಿಲ್ಲ, ಅದು ಆಗಲೇ ಬಹಳ ಮುಂದೆ ಹೋಗಿರುತ್ತದೆ. ಸದ್ದಿನ ಕಡೆ ನೋಡಿದವನಿಗೆ ಬರಿಯ ಆಕಾಶ ಕಾಣುತ್ತದೆ ಎನ್ನುವುದನ್ನು ಇಲ್ಲಿನ ಆರು ವರ್ಷದ ಮಗುವೂ ಕತ್ತು ತಿರುಗಿಸಿ ಕಲಿತಿದೆ.

ಎಲ್ಲಕ್ಕಿಂತ ಕಷ್ಟದ ಪ್ರೇಕ್ಷಕ ಕೊನೆಯ ಸಾಲಿನಲ್ಲಿದ್ದ. ಹನ್ನೊಂದು ಹನ್ನೆರಡರ ಹುಡುಗ, ಕೈಕಟ್ಟಿ ಕೂತಿದ್ದ. ಕೆಂಪು ರೇಷ್ಮೆ ಕರವಸ್ತ್ರ ಮುಷ್ಟಿಯೊಳಗೆ ಮಾಯವಾದಾಗ ಇಡೀ ಹಾಲಿಗೆ ಕೇಳುವಂತೆ, "ಅದು ಪ್ಲಾಸ್ಟಿಕ್ ಹೆಬ್ಬೆರಳು. ಆನ್‌ಲೈನ್‌ನಲ್ಲಿ ಸಿಗತ್ತೆ" ಎಂದ. ಚಿಕ್ಕವರೆಲ್ಲ ತಿರುಗಿ ಅವನನ್ನೇ ನೋಡಿದರು.

ಇವನು ಕಂಡು ಹೇಳಿದವನಲ್ಲ, ಯೂಟ್ಯೂಬಿನಲ್ಲಿ ತಿಳಿದುಕೊಂಡು ಬಂದು ಹೇಳಿದವನು. ಇವನಿಗೆ ಚಪ್ಪಾಳೆ ಹೊಡೆಸಿದರೆ ಉಳಿದ ಆಟಗಳೂ ಹೋದವು. ಜಾದೂಗಾರರು ಒಂದು ಗಳಿಗೆ ತಡೆದು, "ಬಾ ಇಲ್ಲಿ, ನನಗೊಬ್ಬ ಸಹಾಯಕ ಬೇಕು" ಎಂದರು. ವೃತ್ತಪತ್ರಿಕೆ ಹಿಡಿಸುವ ನೆಪದಲ್ಲಿ ಅವನ ಕಿವಿಯ ಹತ್ತಿರ ಮೆಲ್ಲಗೆ ಮಾತಾಡಿದರು. ಮುಂದಿನ ಸಾಲಿನಲ್ಲಿದ್ದ ನನಗೆ ಅಷ್ಟಿಷ್ಟು ಕೇಳಿತು.

"ನಿನ್ನ ಹತ್ರಾನೂ ಇದೆಯಾ ಅದು?"

"ಇದೆ."

"ಯಾರಿಗೆ ತೋರ್ಸಿದೆ?"

"ತಂಗಿಗೆ. ಮೊದಲನೇ ಸಲಕ್ಕೇ ಗೊತ್ತಾಗೋಯ್ತು ಅವಳಿಗೆ. ಕಲರ್ ಬೇರೆ ಇದೆಯಲ್ಲ ಅದರದ್ದು."

"ಕಲರಿಂದಲ್ಲಪ್ಪ. ನೀನು ಅದನ್ನೇ ನೋಡ್ತಿದ್ದೆ. ಅದಕ್ಕೇ ಅವಳೂ ನೋಡಿದ್ಳು."

ಹುಡುಗನ ಮುಖ ಬದಲಾಯಿತು. ಆಮೇಲೆ ಅವನು ಮೇಜಿನ ಪಕ್ಕ ನಿಂತು ಜಾದೂಗಾರರ ಕೈ ನೋಡಲೇ ಇಲ್ಲ. ಅವರ ಕಣ್ಣು ಎಲ್ಲಿ ಹೋಗುತ್ತದೆ, ಆಗ ಚಿಕ್ಕವರ ಕಣ್ಣು ಎಲ್ಲಿ ಹೋಗುತ್ತದೆ ಎಂಬುದನ್ನು ನೋಡುತ್ತಿದ್ದ. ಹರಿದ ಪತ್ರಿಕೆ ಕೂಡಿಕೊಂಡಾಗ ಮಕ್ಕಳು ಹೋ ಎಂದರೆ ಇವನೂ ನಕ್ಕ. ಗುಟ್ಟು ಗೊತ್ತಿದ್ದೂ ಬಾಯಿ ಬಿಡದೆ ನಿಂತಿದ್ದ.

ಆಟ ಮುಗಿದ ಮೇಲೆ ಪಾರ್ಕಿಂಗಿನಲ್ಲಿ ಸೂಟ್‌ಕೇಸಿಗೆ ಹಗ್ಗ ಬಿಗಿಯುತ್ತಾ ಅವರು ಯಶವಂತಪುರದ ಕಥೆ ಹೇಳಿದರು. ಎಪಿಎಂಸಿ ಯಾರ್ಡಿನ ಹತ್ತಿರದ ಒಂದು ಶಾಲೆ. ಹಮಾಲರ, ಈರುಳ್ಳಿ ಆರಿಸುವ ಹೆಂಗಸರ ಮಕ್ಕಳು ಹೆಚ್ಚು. ಮೂರು ಬಟ್ಟಲು, ಒಂದು ಉಂಡೆಯ ಆಟ. ಒಬ್ಬ ಹುಡುಗಿ ಕೂಗಲಿಲ್ಲ, ಬೆರಳು ತೋರಿಸಲಿಲ್ಲ, ಎದ್ದು ಬಂದು ಸರಿಯಾದ ಬಟ್ಟಲನ್ನು ಎತ್ತಿಟ್ಟು ಹೋಗಿ ಕೂತಳು. ಮತ್ತೊಮ್ಮೆ ಆಡಿಸಿದರು. ಮತ್ತೆ ಬಂದು ಎತ್ತಿಟ್ಟಳು. ಅಮ್ಮನ ಜೊತೆ ಕೂತು ರಾಶಿಯಲ್ಲಿ ಕೊಳೆತ ಈರುಳ್ಳಿ ಹೆಕ್ಕುವ ಮಗುವಂತೆ, ಮೇಷ್ಟ್ರು ಆಮೇಲೆ ಹೇಳಿದರಂತೆ.

"ನೀವೇನು ಮಾಡಿದ್ರಿ?"

"ಬಟ್ಟಲು ಅವಳ ಕೈಗೇ ಕೊಟ್ಟೆ. ಅವಳು ಆಡಿಸಿದಳು, ನಾನು ಹುಡುಕಿದೆ. ಎರಡು ಸಲ ತಪ್ಪಿದೆ."

"ಬೇಕಂತಲೇ?"

"ಒಂದು ಸಲ."

ಹೀಗೆ ಕಂಡದ್ದನ್ನು ಕೇಳುವ ಹಟ ದೊಡ್ಡವರಲ್ಲೂ ಕೆಲವರಿಗೆ ಉಳಿದಿರುತ್ತದೆ. ಯಲಹಂಕದಿಂದ ದೊಡ್ಡಬಳ್ಳಾಪುರ ದಾಟಿ ಹೋಗುವ ರಸ್ತೆ ಗೌರಿಬಿದನೂರು ಸೇರುತ್ತದೆ. ಆ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು ಎಚ್. ನರಸಿಂಹಯ್ಯ. ಓದಬೇಕೆಂದು ಅಷ್ಟು ದೂರದಿಂದ ಬೆಂಗಳೂರಿಗೆ ನಡೆದೇ ಬಂದ ಹುಡುಗ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ದೊಡ್ಡ ಹುದ್ದೆಯಲ್ಲಿ ಕೂತು, ದೊಡ್ಡವರನ್ನೇ ಕುರಿತು "ಇನ್ನೊಂದು ಕೈ ತೋರಿಸಿ" ಎಂದವರು. ಈಗಲೂ ಹುಲಿಕಲ್ ನಟರಾಜ್ ಅಂಥವರು ಊರೂರಿನ ಶಾಲೆಗಳಲ್ಲಿ ಪವಾಡಗಳ ಗುಟ್ಟು ಬಿಚ್ಚಿ ತೋರಿಸುತ್ತಾರೆ. ನಮ್ಮ ನಾಡಿನಲ್ಲಿ ಕೈಚಳಕವನ್ನು ಕೈಚಳಕವೆಂದು ಒಪ್ಪಿಕೊಂಡು ಆಡುವವರೂ ಇದ್ದಾರೆ, ಅದನ್ನೇ ಶಕ್ತಿಯೆಂದು ಹೇಳಿ ಕಾಲಿಗೆ ಬೀಳಿಸಿಕೊಳ್ಳುವವರೂ ಇದ್ದಾರೆ. ಹುಟ್ಟುಹಬ್ಬದ ಜಾದೂಗಾರ ಒಪ್ಪಿಕೊಂಡು ಆಡುವವನು. ಏಳು ವರ್ಷದ ಮಗು ಹೆದರದೆ ಬೆರಳು ಚಾಚುವುದನ್ನು ಅವನೆದುರಲ್ಲೇ ಕಲಿಯದಿದ್ದರೆ ಇನ್ನು ಯಾರೆದುರು ಕಲಿತೀತು? ಅದಕ್ಕೇ ಆ ತಾಯಿಯ "ಶ್" ನನ್ನ ಕಿವಿಯಲ್ಲಿ ಇನ್ನೂ ಉಳಿದಿದೆ.

ಗೇಟಿನ ಹತ್ತಿರ ಕಲ್ಲುಬೆಂಚಿನ ಮೇಲೆ ಅಜ್ಜ ಮೊಮ್ಮಗ ಕೂತಿದ್ದರು. ಆಟದ ಹೊತ್ತಿನಲ್ಲಿ ನಾನು ಅಜ್ಜನನ್ನೂ ಗಮನಿಸಿದ್ದೆ. ನಾವೆಲ್ಲ ಎಡಮುಷ್ಟಿ ನೋಡುವಾಗ ಅವರ ದೃಷ್ಟಿ ಜಾದೂಗಾರರ ಬಲ ಮಣಿಕಟ್ಟಿನ ಮೇಲಿತ್ತು. ಮೊಮ್ಮಗ ಕೂಗಿದಾಗ ಮೀಸೆಯಡಿ ಸಣ್ಣಗೆ ನಕ್ಕಿದ್ದರು.

"ನಿಮಗೂ ಗೊತ್ತಾಗಿತ್ತಲ್ಲ?" ಎಂದು ಕೇಳಿದೆ.

"ಘಾಟಿ ದನದ ಜಾತ್ರೇಲಿ ನಲವತ್ತು ವರ್ಷ ಯಾಪಾರ ಮಾಡಿವ್ನಿ ಸ್ವಾಮಿ" ಎಂದರು.

ಅಷ್ಟೇ ಸಾಕಾಯಿತು. ಚಳಿಗಾಲದಲ್ಲಿ ಘಾಟಿ ಸುಬ್ರಹ್ಮಣ್ಯದಲ್ಲಿ ಸೇರುವ ಆ ಜಾತ್ರೆಯಲ್ಲಿ ಎತ್ತಿನ ಜೋಡಿಯ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ ಎರಡೂ ಟವೆಲ್ಲಿನಡಿ. ಬೆರಳು ಹಿಡಿದು ಸಾವಿರದ ಲೆಕ್ಕ, ನೂರರ ಲೆಕ್ಕ. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಬಟ್ಟೆ ಮಾತ್ರ. ಪಕ್ಕದಲ್ಲಿ ನಿಂತು ಬೇರೆಯವರ ಯಾಪಾರ ಎಲ್ಲಿಗೆ ಬಂತೆಂದು ತಿಳಿಯಬೇಕಾದ ದಲ್ಲಾಳಿ, ಬಟ್ಟೆಯ ಹೊರಗುಳಿದ ಮಣಿಕಟ್ಟನ್ನು ಓದುವುದು ಕಲಿಯಬೇಕಿತ್ತು.

"ಮತ್ತೆ ಯಾಕೆ ಸುಮ್ಮನಿದ್ರಿ?"

"ಮಗ ಹೇಳಿದ್ನಲ್ಲ" ಎಂದು ಮೊಮ್ಮಗನ ತಲೆ ಸವರಿದರು.

ಬೀದಿದೀಪ ಹತ್ತಿತ್ತು. ಅಜ್ಜ ಹೆಗಲ ಟವೆಲ್ಲು ತೆಗೆದು ತಮ್ಮ ಕೈಯ ಮೇಲೆ ಹರಡಿ, ಹುಡುಗನ ಪುಟ್ಟ ಕೈಯನ್ನು ಅದರೊಳಗೆ ಎಳೆದುಕೊಂಡರು. ಬಟ್ಟೆ ಒಂದು ಕಡೆ ಉಬ್ಬಿತು, ಇಳಿಯಿತು.

"ಎಷ್ಟು ಬೆರಳು ಹಿಡ್ದೆ ಈಗ?"

"ಮೂರು!"

"ಈಗ ನಿನ್ ಕೈ ತೆಕ್ಕೋ. ನಾನೊಬ್ನೇ ಮಡಿಸ್ತೀನಿ. ನೋಡ್ಕೊಂಡು ಹೇಳು."

ಹುಡುಗ ಟವೆಲ್ಲಿನ ಮೇಲೆ ಬಗ್ಗಿದ.

"ಬಟ್ಟೆ ನೋಡ್ಬೇಡ. ನನ್ ಮಖಾನೂ ನೋಡ್ಬೇಡ."

"ಮತ್ತೆ ಏನ್ ನೋಡ್ಲಿ ತಾತ?"

ತಾತ ಹೇಳಲಿಲ್ಲ. ಹುಡುಗ ಕನ್ನಡಕ ಮೇಲೇರಿಸಿಕೊಂಡ. ಟವೆಲ್ಲಿನ ಅಂಚಿನಿಂದ ಹೊರಗೆ ಮುದಿ ಮಣಿಕಟ್ಟು, ಅದರ ಮೇಲೆ ಎರಡು ನರ. ಒಂದು ಸಣ್ಣಗೆ ಏರಿತು. ಅವನು ಉಸಿರು ಬಿಗಿಹಿಡಿದು ಇನ್ನಷ್ಟು ಹತ್ತಿರ ಬಾಗಿದ.