ಬೆಳಕಿನ ಕಂಟ, ಕನ್ನಡದ ಒತ್ತು

ಲೇಸರ್ ಕಟಿಂಗ್ ಯಂತ್ರಕ್ಕೆ ಓದಲು ಬರುವುದಿಲ್ಲ. ಕಂಪ್ಯೂಟರಿನಲ್ಲಿ ಎಳೆದ ಗೆರೆ ಎಲ್ಲೆಲ್ಲಿ ಹೋಗುತ್ತದೋ ಅಲ್ಲೆಲ್ಲ ಕೊಯ್ಯುತ್ತಾ ಹೋಗುವುದಷ್ಟೇ ಅದರ ಕೆಲಸ; ಆ ಗೆರೆ ‘ಕ’ ಅಕ್ಷರದ್ದೋ ಕಮಲದ ಎಸಳಿನದ್ದೋ, ಅದಕ್ಕೆ ಎರಡೂ ಒಂದೇ. ಬೋರ್ಡು ಮಾಡುವವರ ಅಂಗಡಿಗೆ ಈ ಯಂತ್ರ ಕಾಲಿಟ್ಟ ಮೇಲೆ ಕಸುಬುಗಾರನಿಗೆ ಕೆಲಸವಿಲ್ಲ, ಗುಂಡಿ ಒತ್ತುವವನಿದ್ದರೆ ಸಾಕು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಕನ್ನಡದ ನಾಮಫಲಕವೊಂದು ತಯಾರಾಗುವ ಬಗೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಕಸುಬು ಏಣಿ ಇಳಿದು, ಕುಂಚ ಕೆಳಗಿಟ್ಟು, ಪರದೆಯ ಮುಂದೆ ಬಂದು ಕೂತಿದೆ. ಅಕ್ಷರ ಬಲ್ಲ ಕಣ್ಣು ಅಲ್ಲೂ ಬೇಕು, ಒಂದು ಲೆಕ್ಕದಲ್ಲಿ ಹೆಚ್ಚೇ ಬೇಕು.

ಬೋರ್ಡಿನವರು ಹೆಚ್ಚಾಗಿ ಬಳಸುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ಕುಮಾರ್ ಪಟೇಲ್. ಅವರು ಹುಟ್ಟಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಗಾಜಿನ ಟ್ಯೂಬಿನೊಳಗೆ ಕಾರ್ಬನ್ ಡೈಆಕ್ಸೈಡ್, ಸಾರಜನಕ, ಹೀಲಿಯಂಗಳ ಮಿಶ್ರಣ ಇರುತ್ತದೆ. ಅದರ ಮೂಲಕ ಸಾವಿರಾರು ವೋಲ್ಟಿನ ವಿದ್ಯುತ್ ಹಾಯಿಸಿದರೆ ಕಣ್ಣಿಗೆ ಕಾಣದ ಅವಕೆಂಪು ಕಿರಣ ಹೊರಡುತ್ತದೆ, ಅಲೆಯುದ್ದ 10.6 ಮೈಕ್ರಾನ್. ಕಿರಣ ಕನ್ನಡಿಯಿಂದ ಕನ್ನಡಿಗೆ ತಿರುಗಿ, ಕೊನೆಗೆ ಲೆನ್ಸಿನಲ್ಲಿ ಸೂಜಿಮೊನೆಯಷ್ಟಕ್ಕೆ ಕುಗ್ಗಿ ಶೀಟಿನ ಮೇಲೆ ಬೀಳುತ್ತದೆ. ಅಕ್ರಿಲಿಕ್ ಈ ಶಾಖಕ್ಕೆ ಕರಗಿ ಆವಿಯಾಗುವುದರಿಂದ ಕೊಯ್ದ ಅಂಚು ಪಾಲಿಶ್ ಹಾಕಿದಂತೆ ಹೊಳೆಯುತ್ತದೆ. ಮರದ ಅಂಚು ಸುಟ್ಟು ಕಂದಾಗುತ್ತದೆ. ಹಿತ್ತಾಳೆ, ಸ್ಟೀಲು ಮಾತ್ರ ಈ ಕಿರಣವನ್ನು ಬಹುಪಾಲು ಹಿಂದಕ್ಕೆ ತಳ್ಳಿಬಿಡುತ್ತವೆ. ಅವಕ್ಕೆ ಬೇಕಾದದ್ದು ಒಂದು ಮೈಕ್ರಾನ್ ಆಸುಪಾಸಿನ ಫೈಬರ್ ಲೇಸರ್. ತಮಾಷೆಯೆಂದರೆ, ಉಕ್ಕನ್ನು ಕೊಯ್ಯುವ ಆ ಕಿರಣ ಪಾರದರ್ಶಕ ಅಕ್ರಿಲಿಕ್ಕನ್ನು ಮುಟ್ಟದೆ ದಾಟಿ ಹೋಗುತ್ತದೆ.

ಇಷ್ಟು ಯಂತ್ರದ ಮಾತಾಯಿತು. ತೊಡಕು ಶುರುವಾಗುವುದು ಅಕ್ಷರದಿಂದ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅನೇಕ ಅಕ್ಷರಗಳು ತುಂಡುತುಂಡಾಗಿ ಜೋಡಣೆಯಾಗುತ್ತವೆ: ಮೂಲಾಕ್ಷರ ಒಂದು ತುಂಡು, ಇಳಿ ಒಂದು, ಕೊಂಬು ಇನ್ನೊಂದು. ಒಂದರ ಅಂಚು ಮತ್ತೊಂದರ ಮೇಲೆ ಹಾಯ್ದಿರುತ್ತದೆ. ಕಾಗದದ ಮೇಲೆ ಎಲ್ಲವೂ ಕಪ್ಪಗೆ ಬೆರೆತುಹೋಗುವುದರಿಂದ ಯಾರಿಗೂ ತಿಳಿಯುವುದಿಲ್ಲ. ಅದನ್ನೇ ಕೋರಲ್‌ಡ್ರಾದಲ್ಲಿ ಗೆರೆಗೆ ಇಳಿಸಿ, ತುಂಡುಗಳನ್ನು ಒಂದಾಗಿ ಬೆಸೆಯದೆ (ವೆಲ್ಡ್ ಮಾಡದೆ) ಯಂತ್ರಕ್ಕೆ ಕೊಟ್ಟರೆ ಒಳಗೆ ಅಡಗಿದ ಗೆರೆಗಳನ್ನೂ ಲೇಸರ್ ನಿಷ್ಠೆಯಿಂದ ಕೊಯ್ಯುತ್ತದೆ, ಅಕ್ಷರ ಚೂರುಚೂರಾಗಿ ಕೈಗೆ ಬರುತ್ತದೆ. ‘ಠ’ದ ಹೊಟ್ಟೆಯ ಚುಕ್ಕೆ, ‘ಥ’ದ ಚುಕ್ಕೆ ಹೇಗಿದ್ದರೂ ಬೇರೆ ತುಂಡುಗಳೇ, ಶೀಟಿನಲ್ಲಿ ಅಕ್ಷರದ ಆಕಾರವನ್ನೇ ತೂತಾಗಿ ಕೊರೆಯುವುದಾದರೆ ‘ರ’ದ ಒಳಗಿನ ವೃತ್ತವೂ ಕಳಚಿ ಬೀಳುತ್ತದೆ. ಅದನ್ನು ಹಿಡಿದಿಡಲು ಸಣ್ಣ ಸೇತುವೆ ಬಿಡಬೇಕು. ಆ ಸೇತುವೆ ಎಲ್ಲಿ ಬಂದರೆ ‘ರ’ ಇನ್ನೂ ‘ರ’ವಾಗಿಯೇ ಕಾಣುತ್ತದೆ ಎಂದು ನಿರ್ಧರಿಸಲು ಯಾವ ಸಾಫ್ಟ್‌ವೇರನ್ನೂ ನಂಬಿ ಕೂರುವಂತಿಲ್ಲ.

ಓಲೆಗರಿಯ ಕಾಲವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ. ಬರೆಯುವವರು ಕಬ್ಬಿಣದ ಕಂಟದಿಂದ ಗರಿಯ ಮೇಲೆ ಅಕ್ಷರ ಕೊರೆದು, ಆಮೇಲೆ ಮಸಿ ಸವರಿ ಒರೆಸುತ್ತಿದ್ದರು. ಕೊರೆದ ಗೆರೆಯಲ್ಲಿ ಉಳಿದ ಮಸಿಯೇ ಬರಹ. ಇಂದಿನ ಕೆತ್ತನೆ ಫಲಕದ ಕ್ರಮವೂ ಹೆಚ್ಚುಕಮ್ಮಿ ಅದೇ: ಲೇಸರ್ ಕೊರೆದ ತಗ್ಗಿಗೆ ಬಣ್ಣ ತುಂಬಿ ಮೇಲ್ಮೈ ಒರೆಸುತ್ತಾರೆ. ದೊಡ್ಡ ವ್ಯತ್ಯಾಸವೆಂದರೆ ಕಂಟ ಹಿಡಿದ ಕೈಗೆ ತಾನು ಬರೆಯುತ್ತಿರುವ ಪದ ತಿಳಿದಿತ್ತು. ಈಗ ಆ ತಿಳಿವಳಿಕೆ ಮೊದಲೇ ಕಡತದೊಳಗೆ ಸೇರಿಕೊಂಡಿರಬೇಕು.

ಲೇಸರ್ ಬಂದು ಬೋರ್ಡು ಬರೆಯುವ ಕಲಾವಿದರ ಅನ್ನ ಹೋಯಿತಲ್ಲ ಎಂಬ ಆಕ್ಷೇಪಕ್ಕೆ ಬಲವಿದೆ. ಆದರೆ ಆ ಏಟಿನ ದೊಡ್ಡ ಪಾಲು ಫ್ಲೆಕ್ಸ್ ಮುದ್ರಣದ್ದು. ಅಲ್ಲಿ ಅಕ್ಷರಕ್ಕೆ ಮೈಯೇ ಇಲ್ಲ, ಬರೀ ಶಾಯಿ. ಬೋರ್ಡುಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತವೆ ಎಂಬ ಇನ್ನೊಂದು ದೂರು ನಿಜ. ಅದಕ್ಕೆ ಹೊಣೆ ನಾಲ್ಕೈದೇ ಫಾಂಟುಗಳಿಗೆ ಜೋತುಬಿದ್ದ ನಮ್ಮ ಸೋಮಾರಿತನ. ಕಲಾವಿದ ಕೈಯಲ್ಲಿ ಬರೆದ ಅಕ್ಷರವನ್ನು ಸ್ಕ್ಯಾನ್ ಮಾಡಿ ಗೆರೆಗೆ ತಂದರೆ ಯಂತ್ರ ಅದನ್ನೂ ಅಷ್ಟೇ ಸಲೀಸಾಗಿ ಕೊಯ್ಯುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ ಕನ್ನಡ ಬೋರ್ಡಿನ ಅವಸರ ಹೆಚ್ಚಿದೆ. ಕಾನೂನು ಜಾಗವನ್ನು ಅಳೆಯಬಲ್ಲದು. ‘ಕ್ಷ’ ಒಡೆದು ‘ಕ್’, ‘ಷ’ ಎಂದು ಬೇರೆಬೇರೆ ನಿಂತರೆ ಅದನ್ನು ಹಿಡಿಯಬೇಕಾದದ್ದು ಕೊಯ್ಯುವ ಮುನ್ನ ನೋಡುವ ಕಣ್ಣು.

ಯಂತ್ರಕ್ಕೆ ಪದದಂತೆ ಪದಾರ್ಥವೂ ತಿಳಿಯದು. ಬೋರ್ಡಿನ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವ ಸನ್‌ಬೋರ್ಡ್ ಸಾಮಾನ್ಯವಾಗಿ ಪಿವಿಸಿ ನೊರೆಹಲಗೆ. ಲೇಸರ್ ತಗುಲಿದರೆ ಅದರಿಂದ ಹೈಡ್ರೋಜನ್ ಕ್ಲೋರೈಡ್ ಅನಿಲ ಏಳುತ್ತದೆ. ಶ್ವಾಸಕೋಶಕ್ಕೂ ಕೇಡು, ಯಂತ್ರದ ಲೋಹಕ್ಕೂ ತುಕ್ಕು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂಬುದು ಸಮಜಾಯಿಷಿಯಲ್ಲ. ಈ ಹಲಗೆಯನ್ನು ತಿರುಗುವ ಉಳಿಯಿಂದ ಕೊರೆಯುವ ರೂಟರ್ ಯಂತ್ರಕ್ಕೇ ಬಿಡಬೇಕು.

ಕೊಯ್ದು ಮುಗಿದ ಮೇಲೂ ಕೈಕೆಲಸ ಬಾಕಿ ಇರುತ್ತದೆ. ನಿಜ ಅಳತೆಯ ಕಾಗದದ ನಕ್ಷೆಯನ್ನು ಗೋಡೆಗೆ ಅಂಟಿಸಿ ಒಂದೊಂದೇ ಅಕ್ಷರ ಕೂರಿಸಬೇಕು. ಇಂಗ್ಲಿಷಿನ ಹೆಸರಾದರೆ ಸಾಮಾನ್ಯವಾಗಿ ಅಕ್ಷರಕ್ಕೊಂದೇ ತುಂಡು. ಕನ್ನಡದಲ್ಲಿ ಒತ್ತಕ್ಷರಗಳು ಬೇರೆಯಾಗಿ ಕೆಳಗಿನ ಸಾಲಿಗೆ ಬರುತ್ತವೆ; ಗಾತ್ರ ಚಿಕ್ಕದು, ಅಂಟು ಹಿಡಿಯುವ ಜಾಗ ಕಡಿಮೆ. ಹಾಗಾಗಿ ಬಿಸಿಲು ಮಳೆಗೆ ಮೊದಲು ಉದುರುವುದೂ ಒತ್ತೇ, ‘ಚಿನ್ನ’ದ ಅಂಗಡಿ ‘ಚಿನ’ದ ಅಂಗಡಿಯಾಗುವುದು ಹೀಗೆ. ಜಾಣ ಕುಶಲಕರ್ಮಿ ಪರದೆಯ ಮೇಲಿರುವಾಗಲೇ ಒತ್ತನ್ನು ತುಸು ಮೇಲಕ್ಕೆಳೆದು ಮೂಲಾಕ್ಷರದ ಬುಡಕ್ಕೆ ಬೆಸೆದುಬಿಡುತ್ತಾನೆ, ಎರಡೂ ಒಂದೇ ತುಂಡಾಗಿ ಕೊಯ್ದು ಬರುವ ಹಾಗೆ.